ಸೋಮವಾರದ ಪ್ಯಾಸೆಂಜರ್ ಗಾಡಿ: ಕುಂದಾಪುರ–ಕುಮಟಾ ಓಡಾಟ ಕಲಿಸಿದ್ದು

ನನ್ನ ಮನೆ ಕುಂದಾಪುರದ ಹತ್ತಿರ, ಕೆಲಸ ಕುಮಟಾದಲ್ಲಿ. ಮಧ್ಯೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಮೊದಲ ಆರು ತಿಂಗಳು ಬಸ್ಸಿನಲ್ಲೇ ಹೋಗಿ ಬಂದೆ. ಶನಿವಾರ ಮನೆ ಮುಟ್ಟುವ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತಿತ್ತು. ಆಮೇಲೆ ರೈಲು ಹಿಡಿದೆ. ಈಗ ನಾಲ್ಕು ವರ್ಷವಾಯಿತು.

ನಮ್ಮ ಕರಾವಳಿಯಲ್ಲಿ ರೈಲು ಹತ್ತುವ ಮೊದಲು ಸ್ಟೇಷನ್ ಎಲ್ಲಿದೆ ಎಂದು ತಿಳಿದುಕೊಳ್ಳಬೇಕು. ಕುಂದಾಪುರ ಸ್ಟೇಷನ್ ಇರುವುದು ಪೇಟೆಯಲ್ಲಿ ಅಲ್ಲ, ಮೂಡ್ಲಕಟ್ಟೆಯಲ್ಲಿ. ಉಡುಪಿಯದ್ದು ಇಂದ್ರಾಳಿಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಗೋಕರ್ಣ ರೋಡ್‌ನಲ್ಲಿ ಇಳಿದರೆ ದೇವಸ್ಥಾನಕ್ಕೆ ಇನ್ನೂ ಹತ್ತು ಕಿಲೋಮೀಟರ್ ದಾರಿ ಇದೆ. ಹಾಗಾಗಿ ಟಿಕೆಟ್‌ಗಿಂತ ಮೊದಲು ನಾನು ಮಾಡಿಕೊಂಡ ವ್ಯವಸ್ಥೆ ಎಂದರೆ ಬೈಕ್. ಅದನ್ನು ಸ್ಟೇಷನ್‌ನಲ್ಲಿ ಬಿಟ್ಟು ಹೋಗುತ್ತೇನೆ. ಕುಮಟಾದಲ್ಲಿ ಒಬ್ಬ ರಿಕ್ಷಾದವರ ನಂಬರ್ ಇಟ್ಟುಕೊಂಡಿದ್ದೇನೆ. ಇವೆರಡು ಸರಿಯಾದ ಮೇಲೆಯೇ ರೈಲಿನ ಲೆಕ್ಕ ಕೂಡಿ ಬಂತು.

ಸೋಮವಾರ ಬೆಳಿಗ್ಗೆ ನನ್ನದು ಮಂಗಳೂರು ಸೆಂಟ್ರಲ್–ಮಡಗಾಂವ್ ಪ್ಯಾಸೆಂಜರ್. ಬೆಳಗಿನ ಜಾವ ಮಂಗಳೂರು ಬಿಟ್ಟು ಬರುತ್ತದೆ. ಇದಕ್ಕೆ ರಿಸರ್ವೇಶನ್ ಬೇಡ, ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಂಡು ಹತ್ತಿದರಾಯಿತು. ಬಿಜೂರು, ಶಿರೂರು, ಮಂಕಿಯಂಥ ಸಣ್ಣ ಸ್ಟೇಷನ್‌ಗಳ ಜನಕ್ಕೂ ಇದೇ ಗಾಡಿ. ಭಟ್ಕಳದಲ್ಲಿ ಒಬ್ಬ ಹೆಂಗಸು ಮಲ್ಲಿಗೆ ಹತ್ತಿಸುತ್ತಾರೆ. ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಬಿಗಿದ ಸಣ್ಣ ಸಣ್ಣ ಕಟ್ಟು. ಬುಟ್ಟಿ ಕೆಳಗಿಟ್ಟ ಕೂಡಲೇ ಒಂದು ಕೈ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚುತ್ತಾರೆ. ಕುಮಟಾ ಬರುವವರೆಗೂ ಇಡೀ ಬೋಗಿಯಲ್ಲಿ ಆ ಪರಿಮಳ. ವೇಗದ ಗಾಡಿಗಳು ಬೇಕು, ಬೇಡ ಎನ್ನುವುದಿಲ್ಲ. ಆದರೆ ಈ ಕರಾವಳಿಯ ನಿಜವಾದ ಗಾಡಿ ಇದೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಥದ್ದು ದಿನಕ್ಕೆ ಇನ್ನೆರಡಾದರೂ ಓಡಬೇಕು.

ಹೊಸದಾಗಿ ಹತ್ತಿದವರಿಗೆ ಒಂದು ಬೇಸರ ಇರುತ್ತದೆ. ಏನೂ ಇಲ್ಲದ ಸ್ಟೇಷನ್‌ನಲ್ಲಿ ಗಾಡಿ ಯಾಕೆ ಇಷ್ಟು ಹೊತ್ತು ನಿಲ್ಲುತ್ತದೆ? ಅದು ಕ್ರಾಸಿಂಗ್. ನಮ್ಮ ಭಾಗದಲ್ಲಿ ಕೊಂಕಣ ರೈಲ್ವೆಗೆ ಇರುವುದು ಒಂದೇ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದರೆ ಪ್ಯಾಸೆಂಜರ್ ಪಕ್ಕದ ಲೂಪ್ ಲೈನಿಗೆ ಸರಿದು ದಾರಿ ಬಿಡಬೇಕು. ಎದುರಿನ ಗಾಡಿ ಅರ್ಧ ಗಂಟೆ ತಡವಾದರೆ ನಮ್ಮದೂ ತಡ. ಆದ್ದರಿಂದ ನಾನು ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನನ್ನ ಗಾಡಿ ಮಾತ್ರ ನೋಡುವುದಿಲ್ಲ, ಎದುರು ಬರುವ ಗಾಡಿ ಎಲ್ಲಿದೆ ಎಂದೂ ನೋಡುತ್ತೇನೆ. ಎರಡನ್ನೂ ನೋಡಿದರೆ ಎಲ್ಲಿ ಕ್ರಾಸಿಂಗ್ ಬೀಳಬಹುದು ಎಂದು ಅಂದಾಜು ಸಿಗುತ್ತದೆ. ಆಫೀಸಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಮೊದಲೇ ಹೇಳಬಹುದು, ಅಲ್ವಾ?

ನನಗೆ ದೊಡ್ಡ ಪಾಠ ಕಲಿಸಿದ್ದು ಮಳೆಗಾಲದ ವೇಳಾಪಟ್ಟಿ. ಬಹಳ ವರ್ಷ ಇದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಮಳೆಗಾಲದಲ್ಲಿ ವೇಗ ಕಡಿಮೆ. ಹಾಗಾಗಿ ಕೇರಳದಿಂದ ಉತ್ತರಕ್ಕೆ ಹೋಗುವ ಹಲವು ದೂರದ ಗಾಡಿಗಳು ಎರಡು ಮೂರು ಗಂಟೆ ಮುಂಚೆಯೇ ಹೊರಡುತ್ತವೆ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಜೂನ್ ಮಧ್ಯದಲ್ಲಿ ಅಮ್ಮನ ಜೊತೆ ಮಡಗಾಂವ್‌ಗೆ ಹೊರಟಿದ್ದೆ. ಟಿಕೆಟ್ ಮಾಡಿದ್ದು ಏಪ್ರಿಲ್‌ನಲ್ಲಿ, ಸಮಯ ಬಾಯಿಪಾಠ. ಉಡುಪಿ ಪ್ಲಾಟ್‌ಫಾರ್ಮ್ ಮುಟ್ಟಿದಾಗ ಗಾಡಿ ಹೋಗಿ ಒಂದೂವರೆ ಗಂಟೆಯಾಗಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಒದ್ದೆ ಕೊಡೆ ಮಡಚಿ ಬೆಂಚಿನ ಮೇಲೆ ಕೂತರು. ಅವತ್ತಿನಿಂದ ಮೇ ಕೊನೆಯಲ್ಲಿ ಹೊಸ ಸಮಯ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇನೆ. ಹೊರಡುವ ಹಿಂದಿನ ರಾತ್ರಿ ರೈಲ್ವೆ ವಿಚಾರಣೆಯ 139ಕ್ಕೂ ಒಂದು ಫೋನ್ ಮಾಡುತ್ತೇನೆ.

ವೇಗ ಯಾಕೆ ಇಳಿಸುತ್ತಾರೆ ಎಂದು ಗೊತ್ತಾದ ಮೇಲೆ ತಡವಾದರೂ ಸಿಟ್ಟು ಬರುವುದಿಲ್ಲ. ಗುಡ್ಡ ಕಡಿದು ಮಾಡಿದ ದಾರಿ ಇದು, ಮಳೆಗೆ ಮಣ್ಣು ಸಡಿಲವಾಗುತ್ತದೆ. ಜೋರು ಮಳೆಯಲ್ಲಿ ಮುಂದೆ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಸೂಚನೆ ಇದೆ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಕುಮಟಾ ಕಡೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಜುಲೈನಲ್ಲಿ ಕೆಂಪು ನೀರು ಅಳಿವೆಯ ಕಡೆ ನುಗ್ಗುವುದು ಕಾಣುತ್ತದೆ. ಹಳಿ ಪಕ್ಕದಲ್ಲಿ ಮಳೆಯಂಗಿ ಹಾಕಿಕೊಂಡು, ಕೈಯಲ್ಲಿ ಲಾಟೀನು ಹಿಡಿದು ನಡೆಯುವ ಗಸ್ತಿನವರನ್ನೂ ನೋಡುತ್ತೀರಿ. ಅವರನ್ನು ಕಂಡಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ದೂರದ ಪ್ರಯಾಣಕ್ಕೆ ಬೇರೆ ಲೆಕ್ಕ. ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್. ಮೊದಲು ಬೆಂಗಳೂರು–ಕಾರವಾರ ಗಾಡಿ ಮಂಗಳೂರು ಸೆಂಟ್ರಲ್‌ಗೆ ಹೋಗಿ ಇಂಜಿನ್ ತಿರುಗಿಸಿಕೊಂಡು ಬರಬೇಕಿತ್ತು. 2020ರಲ್ಲಿ ಶುರುವಾದ ಪಂಚಗಂಗಾ ಮಂಗಳೂರಿನ ಅಂಚಿನ ಪಡೀಲ್‌ನಲ್ಲೇ ತಿರುಗಿ ಬರುತ್ತದೆ. ಇದರಿಂದ ಕುಂದಾಪುರ, ಕುಮಟಾದವರಿಗೆ ಎಷ್ಟೋ ಹೊತ್ತು ಉಳಿಯಿತು. ಶನಿವಾರ ಕೆಲಸ ತಡವಾಗಿ ಮುಗಿದರೆ ನಾನು ಸಂಜೆ ಕುಮಟಾದಿಂದ ಇದರ ಜನರಲ್ ಬೋಗಿಯಲ್ಲೇ ಊರಿಗೆ ಬರುತ್ತೇನೆ. ಹಬ್ಬದ ಟಿಕೆಟ್ ಮಾತ್ರ ಬುಕಿಂಗ್ ತೆರೆದ ದಿನವೇ ಮಾಡಬೇಕು. ಮೊದಲು 120 ದಿನ ಮುಂಚೆ ಮಾಡಬಹುದಿತ್ತು, 2024ರ ನವೆಂಬರ್‌ನಿಂದ 60 ದಿನ.

ಮುಂಬೈಗೆ ಮತ್ಸ್ಯಗಂಧಾ. ಕುಮಟಾದಿಂದ ಟಿಕೆಟ್ ಹುಡುಕಿದರೆ ವೇಟಿಂಗ್ ಲಿಸ್ಟ್ ತೋರಿಸಿದ್ದು ಎಷ್ಟೋ ಸಲ. ಅದೇ ದಿನ ಮಂಗಳೂರು ಸೆಂಟ್ರಲ್‌ನಿಂದ ಹುಡುಕಿದರೆ ಸೀಟು ಇರುತ್ತಿತ್ತು. ಮಧ್ಯದ ಸ್ಟೇಷನ್‌ಗಳಿಗೆ ಕೋಟಾ ಬೇರೆ, ಅದಕ್ಕೇ ಹೀಗೆ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಮಂಗಳೂರಿನಿಂದ ಟಿಕೆಟ್ ಮಾಡುತ್ತೇನೆ, ಹತ್ತುವ ಸ್ಟೇಷನ್ ಕುಮಟಾ ಎಂದು ಬದಲಿಸುತ್ತೇನೆ. ಈ ಬದಲಾವಣೆಯನ್ನು ಕೊನೇ ಗಳಿಗೆಗೆ ಬಿಡಬೇಡಿ, ಒಂದು ದಿನ ಮೊದಲೇ ಮಾಡಿಬಿಡಿ. ಬದಲಿಸದೆ ಸುಮ್ನೆ ಮುಂದಿನ ಸ್ಟೇಷನ್‌ನಲ್ಲಿ ಹತ್ತಿದರೆ ನಿಮ್ಮ ಸೀಟು ಬೇರೆಯವರಿಗೆ ಹೋಗಿರಬಹುದು.

ಇನ್ನೊಂದು ಮಾತು, ಚೌತಿ ಮುಗಿದ ಸೋಮವಾರ ಹೊರಡುವವರಿಗೆ. ಅವತ್ತು ಕುಂದಾಪುರದಲ್ಲೇ ಪ್ಯಾಸೆಂಜರ್ ತುಂಬಿ ಬಂದಿರುತ್ತದೆ. ಬಾಗಿಲಲ್ಲಿ ನೇತಾಡಬೇಡಿ, ಒಳಗೆ ನಡೆಯಿರಿ. ಬೈಂದೂರಿನಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ಭಟ್ಕಳದಲ್ಲಿ ಇನ್ನಷ್ಟು. ಮುರ್ಡೇಶ್ವರ ಬರುವಷ್ಟರಲ್ಲಿ ಸೀಟು ಸಿಗುತ್ತದೆ.