ಥೈರಾಯ್ಡ್ ಗಂಟು: ರಿಪೋರ್ಟ್ ಅಡ್ಡಗೋಡೆ ಮೇಲೆ ದೀಪ ಇಟ್ಟಾಗ

ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ್ದಾರೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಗಾಬರಿಯಾಗುವ ಮೊದಲು ಅದರಲ್ಲಿ 'ಬೆಥೆಸ್ಡಾ' ಅನ್ನುವ ಪದ ಹುಡುಕಿ. ಥೈರಾಯ್ಡ್ ಸೂಜಿ ಪರೀಕ್ಷೆಯ ಫಲಿತಾಂಶವನ್ನು ಆರು ವರ್ಗಗಳಾಗಿ ವಿಂಗಡಿಸುವ ಪದ್ಧತಿಯ ಹೆಸರು ಅದು. ಪಕ್ಕದಲ್ಲೇ 1ರಿಂದ 6ರೊಳಗಿನ ಒಂದು ಅಂಕಿ ಇರುತ್ತದೆ, ಹೆಚ್ಚಾಗಿ ರೋಮನ್ ಅಂಕಿಯಲ್ಲಿ (III, IV ಹೀಗೆ).

2 ಅಂದರೆ ಸಾಮಾನ್ಯವಾಗಿ ಭಯವಿಲ್ಲ. 6 ಅಂದರೆ ಕ್ಯಾನ್ಸರ್. ತಲೆಬಿಸಿ ಇರುವುದು 3 ಮತ್ತು 4ರಲ್ಲಿ. ಬೆಥೆಸ್ಡಾ ಪದ್ಧತಿಯ 2023ರ ಆವೃತ್ತಿಯ ಪ್ರಕಾರ 3ರಲ್ಲಿ ಕ್ಯಾನ್ಸರ್ ಸಾಧ್ಯತೆ ಸರಾಸರಿ ಶೇ 22, 4ರಲ್ಲಿ ಶೇ 30. ಅಂದರೆ ಎರಡರಲ್ಲೂ ಕ್ಯಾನ್ಸರ್ ಅಲ್ಲದ ಗಂಟುಗಳೇ ಜಾಸ್ತಿ. ಈ ಲೆಕ್ಕ ಮುಖ್ಯವಾಗಿ ಆಪರೇಷನ್ ಆದ ಗಂಟುಗಳದ್ದು. ಅನುಮಾನ ಜಾಸ್ತಿ ಇದ್ದವರೇ ಆಪರೇಷನ್ನಿಗೆ ಹೋಗುತ್ತಾರೆ, ಅಲ್ವಾ? ಹಾಗಾಗಿ ಅಂಕಿ ಸ್ವಲ್ಪ ಉಬ್ಬಿರುವ ಸಾಧ್ಯತೆಯೂ ಇದೆ.

ಪರೀಕ್ಷೆ ಮಾಡಿದರೂ ಯಾಕೆ ಗೊತ್ತಾಗಲಿಲ್ಲ? ಫಾಲಿಕ್ಯುಲರ್ ಬಗೆಯ, ಅಂದರೆ ಒಳಗೆ ಪುಟ್ಟ ಚೀಲಗಳಂಥ ರಚನೆ ಇರುವ ಗಂಟನ್ನು ಕ್ಯಾನ್ಸರ್ ಅನ್ನಬೇಕಾದರೆ ಅದು ತನ್ನ ಕವಚ ಸೀಳಿ ಹೊರಬಂದಿರಬೇಕು, ಇಲ್ಲವೇ ರಕ್ತನಾಳಕ್ಕೆ ನುಗ್ಗಿರಬೇಕು. ಸೂಜಿಯಲ್ಲಿ ಬರುವುದು ಬಿಡಿ ಜೀವಕೋಶ ಮಾತ್ರ. ತೋಟದ ಒಂದು ಹಿಡಿ ಮಣ್ಣು ಕೊಟ್ಟು ಬೇಲಿ ಮುರಿದಿದೆಯಾ ಅಂತ ಕೇಳಿದ ಹಾಗೆ. ಲ್ಯಾಬನ್ನು ಬೈದು ಪ್ರಯೋಜನವಿಲ್ಲ.

ಈಗ ಅಲ್ಟ್ರಾಸೌಂಡ್ ರಿಪೋರ್ಟನ್ನು ಪಕ್ಕಕ್ಕಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಜನ ಸುಮ್ನೆ ಮಡಚಿಡುವ ಕಾಗದ ಇದೇ. ಗಂಟು ಗಟ್ಟಿಯಾಗಿ, ತುಂಬಾ ಕಪ್ಪಗೆ ಕಾಣುತ್ತಿದೆಯೇ? ಅಗಲಕ್ಕಿಂತ ಎತ್ತರ ಜಾಸ್ತಿಯೇ? ಅಂಚು ಅಂಕುಡೊಂಕೇ? ಒಳಗೆ ಪುಡಿ ಉಪ್ಪು ಚೆಲ್ಲಿದಂಥ ಬಿಳಿ ಚುಕ್ಕೆಗಳಿವೆಯೇ? ಇವು ಒಟ್ಟಿಗೆ ಬಂದಷ್ಟೂ ಅನುಮಾನ ಏರುತ್ತದೆ. ಸ್ಪಂಜಿನಂತೆ ತೂತುತೂತಾಗಿದ್ದರೆ ಇಳಿಯುತ್ತದೆ. ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದರೆ, ರಕ್ತಸಂಬಂಧಿಗಳಿಗೆ ಥೈರಾಯ್ಡ್ ಕ್ಯಾನ್ಸರ್ ಇದ್ದಿದ್ದರೆ ಡಾಕ್ಟರು ಕೇಳದಿದ್ದರೂ ಹೇಳಿ.

3 ಬಂದಿದ್ದರೆ ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ಸೂಜಿ ಹಾಕಿಸುವುದುಂಟು. ಎಷ್ಟೋ ಸಲ ಎರಡನೇ ಸಲಕ್ಕೆ ಉತ್ತರ ಸಿಗುತ್ತದೆ.

ಅದೇ ಜೀವಕೋಶಗಳ ಮೇಲೆ ಜೀನ್ ಪರೀಕ್ಷೆಯೂ ಮಾಡಬಹುದು. ಬ್ರಾಫ್ ಅನ್ನುವ ಜೀನಿನಲ್ಲಿ ವಿ600ಇ ಎಂಬ ಬದಲಾವಣೆ (BRAF V600E) ಕಂಡರೆ ಬಹುಮಟ್ಟಿಗೆ ಕ್ಯಾನ್ಸರೇ. ರಾಸ್ (RAS) ಜೀನುಗಳಲ್ಲಿ ಬದಲಾವಣೆ ಕಂಡರೆ ಮತ್ತೆ ಗೊಂದಲ: ಅದು ನಿರುಪದ್ರವಿ ಗಂಟಿನಲ್ಲೂ ಇರುತ್ತದೆ.

ಇಷ್ಟಾದ ಮೇಲೂ ಅನುಮಾನ ಕಡಿಮೆಯಿದ್ದರೆ ಆಗಾಗ ಅಲ್ಟ್ರಾಸೌಂಡ್ ಮಾಡಿಸಿ ನೋಡುತ್ತಿರುವುದು ಸಾಕು. ಜಾಸ್ತಿಯಿದ್ದರೆ ಗಂಟಿರುವ ಅರ್ಧ ಗ್ರಂಥಿ ತೆಗೆಯುತ್ತಾರೆ. ಕವಚ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಆಗಲೇ. ಉಳಿದರ್ಧ ಚೆನ್ನಾಗಿ ಕೆಲಸ ಮಾಡಿದರೆ ಎಷ್ಟೋ ಜನಕ್ಕೆ ದಿನಾ ಮಾತ್ರೆ ನುಂಗುವ ಪ್ರಮೇಯವೂ ಬರುವುದಿಲ್ಲ.