ಮೀನಿನ ತೊಟ್ಟಿ ನೀರಲ್ಲೇ ಸೊಪ್ಪು ಬೆಳೆಯುವವರಿಗೆ

ತೀರ್ಥಹಳ್ಳಿ, ಹೊಸನಗರ ಕಡೆಯವರು ಅಕ್ವಾಪೋನಿಕ್ಸ್ (ಮೀನಿನ ತೊಟ್ಟಿ ನೀರಲ್ಲೇ ಗಿಡ ಬೆಳೆಯುವುದು) ಶುರು ಮಾಡುವುದಾದರೆ ಮೊದಲ ದಿನವೇ ತೊಟ್ಟಿ ತುಂಬಾ ಮೀನು ಬಿಡಬೇಡಿ. ಮೀನು ಹೊರಹಾಕುವ ಅಮೋನಿಯಾವನ್ನು ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಗಿಡ ನೆಡುವ ಜಲ್ಲಿಯಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ 200 ಲೀಟರ್‌ಗೆ ಎರಡು ಮೂರು ಸಣ್ಣ ಗೋಲ್ಡ್‌ಫಿಶ್ ಸಾಕು. ಆಹಾರವೂ ಚಿಟಿಕೆಯಷ್ಟೇ.

ಜಲ್ಲಿ ತೊಳೆದು ಒಣಗಿಸಿ, ಒಂದೆರಡು ಕಲ್ಲಿನ ಮೇಲೆ ವಿನೆಗರ್ ಬಿಟ್ಟು ನೋಡಿ. ಬುರುಬುರು ಗುಳ್ಳೆ ಎದ್ದರೆ ಸುಣ್ಣದಂಶ ಇದೆ, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ. ಆ ಕಲ್ಲು ಬೇಡ.

ಮಳೆಗಾಲದಲ್ಲಿ ಟೊಮೆಟೊ ಆಸೆ ಬಿಡಿ, ಸುಮ್ನೆ ಕೊಳೆಯುತ್ತದೆ. ಒಂದೆಲಗ, ಪುದೀನ ಹಾಕಿ. ತಂಬುಳಿಗಾದರೂ ಆಗುತ್ತದೆ ಅಲ್ವಾ! ಮೇಲೆ ಶೀಟು ಇರಲಿ; ಜಡಿಮಳೆ ನೀರು ಜಾಸ್ತಿ ಸೇರಿದರೆ ಪಿಎಚ್ ಇಳಿಯುತ್ತದೆ. ಕರೆಂಟ್ ಹೋದರೆ ಪಂಪ್ ನಿಂತು ಮೀನಿಗೆ ಉಸಿರು ಕಟ್ಟುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಪಕ್ಕದಲ್ಲೇ ಇಟ್ಟಿರಿ.