ಮಬ್ಬು ಹಿಡಿದ ಹೆಡ್‌ಲೈಟ್: ಉಜ್ಜುವುದಕ್ಕಿಂತ ಮೇಲಿನ ಲೇಪವೇ ಮುಖ್ಯ

ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಕೈಗೆತ್ತಿಕೊಳ್ಳುವ ಮೊದಲು ಒಂದು ಪರೀಕ್ಷೆ. ತೊಳೆದು ಒಣಗಿಸಿದ ಹೆಡ್‌ಲೈಟ್ ಮೇಲೆ ಒದ್ದೆ ಬೆರಳು ಎಳೆಯಿರಿ. ನೀರು ತಾಗಿದ ಜಾಗ ತಿಳಿಯಾಗಿ, ಒಣಗಿದ ಮೇಲೆ ಮತ್ತೆ ಮಬ್ಬಾದರೆ ದೋಷ ಹೊರಮೈಯಲ್ಲಿದೆ. ಅದನ್ನು ಮನೆಯಲ್ಲೇ ಸರಿಮಾಡಬಹುದು. ನೀರು ಹಚ್ಚಿದರೂ ಬದಲಾಗದೆ ಒಳಗಡೆ ಹನಿಗಳೋ ಧೂಳಿನ ಪೊರೆಯೋ ಕಂಡರೆ ಸೀಲ್ ಬಿಟ್ಟಿರಬಹುದು, ಇಲ್ಲವೇ ಗಾಳಿರಂಧ್ರ ಕಟ್ಟಿರಬಹುದು. ಹೊರಗೆ ಎಷ್ಟು ಉಜ್ಜಿದರೂ ಅದಕ್ಕೆ ಪರಿಹಾರವಿಲ್ಲ. ಇನ್ನೊಂದು ಬಗೆ ಇದೆ: ಓರೆಯಾಗಿ ಟಾರ್ಚ್ ಹಿಡಿದರೆ ಜೇಡರ ಬಲೆಯಂತೆ ಹೊಳೆಯುವ ಕೂದಲೆಳೆ ಬಿರುಕುಗಳು. ಅವು ಪ್ಲಾಸ್ಟಿಕ್‌ನ ಆಳಕ್ಕೆ ಇಳಿದಿದ್ದರೆ ಪೂರ್ತಿ ಹೋಗುವುದಿಲ್ಲ. ಹೊಳಪು ಬಂದರೂ ಬಿರುಕು ಹಾಗೇ ಉಳಿಯುತ್ತದೆ.

ನಾವು ಗಾಜು ಅನ್ನುತ್ತೇವೆ, ಆದರೆ ಈಗಿನ ಬಹುಪಾಲು ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಪೆಟ್ಟು ಬಿದ್ದರೂ ಒಡೆಯದಷ್ಟು ಗಟ್ಟಿ, ಗೀರಿಗೆ ಮಾತ್ರ ಬಲು ಮೆತ್ತಗೆ. ಬಿಸಿಲಿನ ಅತಿನೇರಳೆ (ಯುವಿ) ಕಿರಣ ತಾಗಿದರೆ ಹಳದಿ ತಿರುಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ, ಗಟ್ಟಿಯಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ವರ್ಷಗಳ ಬಿಸಿಲಿಗೆ ಈ ಲೇಪ ಸವೆದು, ಅಲ್ಲಲ್ಲಿ ಎದ್ದು, ಕೆಳಗಿನ ಪ್ಲಾಸ್ಟಿಕ್ ಬಯಲಾಗುತ್ತದೆ. ಹಾಗಾಗಿ ಕೆಲಸ ಎರಡು: ಸತ್ತ ಲೇಪವನ್ನು ಪೂರ್ತಿ ತೆಗೆಯುವುದು, ಹೊಸದನ್ನು ಕೂರಿಸುವುದು. ಹೊಳಪು ಬಂದೊಡನೆ ಕೆಲಸ ಮುಗಿಯಿತೆಂದು ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ವಾಪಸ್, ಅದೂ ಮೊದಲಿಗಿಂತ ಬೇಗ. ಇದ್ದ ಅಷ್ಟಿಷ್ಟು ರಕ್ಷಣೆಯನ್ನೂ ನಾವೇ ಉಜ್ಜಿ ತೆಗೆದಿರುತ್ತೇವಲ್ಲ!

ಟೂತ್‌ಪೇಸ್ಟ್ ಉಪಾಯ ಕೆಲಸ ಮಾಡುತ್ತದೆ, ಅದರಲ್ಲಿ ನಯವಾದ ಉಜ್ಜುಪುಡಿ ಇರುವುದರಿಂದ. ಆದರೆ ಮೇಲಿನ ಪೊರೆಯನ್ನು ತುಸು ಸವರಬಲ್ಲದೇ ಹೊರತು ಹಳೆ ಲೇಪವನ್ನು ಎಬ್ಬಿಸಲಾರದು. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸುವ ವಿಡಿಯೊಗಳನ್ನಂತೂ ನಂಬಬೇಡಿ. ಅದರಲ್ಲಿನ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್‌ನ ಮೇಲ್ಮೈಯನ್ನು ಕರಗಿಸಿ ಜಿಗುಟು ಮಾಡುತ್ತದೆ. ಆ ಕ್ಷಣಕ್ಕೆ ಹೊಳೆಯುವುದು ಅದರಿಂದಲೇ. ಪೇಂಟ್ ಥಿನ್ನರ್, ಅಸಿಟೋನ್ ಕೂಡ ಬೇಡ. ಪಾಲಿಕಾರ್ಬೊನೇಟ್ ಅವುಗಳಿಗೆ ಬಿರುಕು ಬಿಡುತ್ತದೆ.

ನಾನು ಇಟ್ಟುಕೊಳ್ಳುವ ಸಾಮಾನು: 400, 600, 1000, 1500, 2000, 3000 ನಂಬರಿನ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ), ಒಂದು ಜೊತೆ ದೀಪಕ್ಕೆ ಪ್ರತಿ ನಂಬರಿನಲ್ಲೂ ಅರ್ಧ ಹಾಳೆ, 400ರಲ್ಲಿ ಮಾತ್ರ ಒಂದಿಡೀ ಹಾಳೆ. ಮೆತ್ತನೆಯ ಫೋಮ್ ತುಂಡು, ಎರಡು ಹನಿ ಕಾರ್ ಶಾಂಪೂ ಹಾಕಿದ ನೀರಿನ ಸ್ಪ್ರೇ ಬಾಟಲಿ, ಮಾಸ್ಕಿಂಗ್ ಟೇಪ್, ಮೈಕ್ರೋಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್. ಮಬ್ಬು ತೆಳ್ಳಗಿದ್ದು ಲೇಪ ಎಲ್ಲೂ ಎದ್ದಿಲ್ಲದಿದ್ದರೆ 400 ಬೇಡ, 600 ಅಥವಾ 800ರಿಂದ ಶುರುಮಾಡಿದರೆ ಸಾಕು.

ದೀಪದ ಸುತ್ತ ಬಾನೆಟ್, ಬಂಪರ್, ಫೆಂಡರ್ ಅಂಚಿಗೆ ಟೇಪನ್ನು ಎರಡು ಪದರ ಹಚ್ಚಿ. ಒಂದೇ ಪದರವಾದರೆ 400ರ ಪೇಪರ್ ಎರಡು ಸಲ ತಾಗಿದಾಗಲೇ ಹರಿದು ಬಣ್ಣ ಗೀಚುತ್ತದೆ. ಒಂದು ಅಂಚು ಎಲ್ಲರೂ ಮರೆಯುವುದು, ಬಾನೆಟ್ ತೆರೆದಾಗ ಕಾಣುವ ಮೇಲಂಚು. ಬಾನೆಟ್ ತೆರೆದೇ ಕೆಲಸ ಮಾಡಿ.

ಪೂರ್ತಿ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಮೊದಲ ಪೇಪರಿಗೆ. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಫೋಮ್‌ಗೆ ಸುತ್ತಿ, ಅಡ್ಡಡ್ಡ ನೇರವಾಗಿ ಎಳೆಯಿರಿ, ದುಂಡಗೆ ತಿರುಗಿಸಬೇಡಿ. ಬರಿ ಬೆರಳಲ್ಲಿ ಒತ್ತಿದರೆ ಬೆರಳಗಲದ ಹಳ್ಳ ಬೀಳುತ್ತದೆ, ರಾತ್ರಿ ಬೆಳಕಿನಲ್ಲಿ ಅದು ಅಲೆಯಾಗಿ ಕಾಣುತ್ತದೆ. ನೀರು ಹಾಕುತ್ತಲೇ ಇರಿ. ಮೊದಮೊದಲು ಇಳಿಯುವ ನೀರು ಹಳದಿ ಮಿಶ್ರಿತ ಹಾಲಿನಂತಿರುತ್ತದೆ. ಲೇಪ ಹೋಗುತ್ತಾ ಬಂದಂತೆ ಅಚ್ಚ ಬಿಳಿಯಾಗುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಒರೆಸಿ ಪೂರ್ತಿ ಒಣಗಿಸಿ ಓರೆಬೆಳಕಿನಲ್ಲಿ ನೋಡಿದರೆ ನಕಾಶೆಯ ಗಡಿಯಂತೆ ಒಂದು ಗೆರೆ, ಅದರ ಒಳಗೆ ತುಸು ಹೊಳೆಯುವ ದ್ವೀಪಗಳು ಕಾಣುತ್ತವೆ. ಅದೇ ಇನ್ನೂ ಉಳಿದ ಹಳೆ ಲೇಪ. ಅದರ ಮೇಲೆ ಹೊಸದನ್ನು ಹಾಕಿದರೆ ಆ ಗಡಿ ಗಟ್ಟಿಯಾಗಿ ಎದ್ದು ಕಾಣುತ್ತದೆ, ಮುಂದೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಒಂದೂ ದ್ವೀಪ ಉಳಿಯದೆ ಇಡೀ ಮೈ ಒಂದೇ ಸಮನೆ ಮಂಕಾಗುವವರೆಗೂ ಉಜ್ಜಬೇಕು. ಒಂದು ದೀಪಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ.

ಮುಂದಿನ ನಂಬರುಗಳಿಗೆ ತಲಾ ಐದಾರು ನಿಮಿಷ ಸಾಕು. 400ನ್ನು ಅಡ್ಡಡ್ಡ ಎಳೆದಿದ್ದರೆ 600ನ್ನು ಉದ್ದುದ್ದ, 1000ವನ್ನು ಮತ್ತೆ ಅಡ್ಡ. ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಅದು ಪೂರ್ತಿ ಮಾಯವಾದ ಮೇಲೆಯೇ ಮುಂದಿನದು. ಒದ್ದೆಯಲ್ಲಿ ಎಲ್ಲವೂ ನಯವಾಗೇ ಕಾಣುತ್ತದೆ, ಆದ್ದರಿಂದ ಒಣಗಿಸಿ ನೋಡಿ. ಪ್ರತಿ ಸಲವೂ ದೀಪ, ಫೋಮ್, ಕೈ ಎಲ್ಲ ತೊಳೆಯಿರಿ. 400ರ ಒಂದೇ ಒಂದು ಕಣ 2000ದ ಪೇಪರಿನಡಿ ಸಿಕ್ಕಿದರೂ ಆಳವಾದ ಗೀರು ಎಳೆದು, ನಿಮ್ಮನ್ನು ಮತ್ತೆ 600ಕ್ಕೆ ಕರೆದೊಯ್ಯುತ್ತದೆ.

ಇಲ್ಲಿ ದಾರಿ ಕವಲೊಡೆಯುತ್ತದೆ. ಬಟ್ಟೆಯಲ್ಲಿ ಸವರುವ ಯುವಿ ಲೇಪವಾದರೆ 3000ದವರೆಗೂ ಹೋಗಿ. ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಸ್ಪ್ರೇ ಮಾಡುವುದಾದರೆ 1500ಕ್ಕೆ ನಿಲ್ಲಿಸಿ, ಪಾಲಿಶ್ ಬೇಡವೇ ಬೇಡ. ಲೇಪಕ್ಕೆ ಹಿಡಿತ ಕೊಡುವುದು ಆ ಸಣ್ಣ ಗೀರುಗಳೇ, ಅವನ್ನು ತುಂಬಿ ತಿಳಿಯಾಗಿಸುವ ಕೆಲಸ ಕ್ಲಿಯರ್‌ನದು. ಮೊದಲು ಪಾಲಿಶ್ ಮಾಡಿ ಮಿನುಗಿಸಿ ಮೇಲೆ ಸ್ಪ್ರೇ ಮಾಡಿದ ದೀಪಗಳಲ್ಲಿ ಲೇಪ ಪ್ಲಾಸ್ಟಿಕ್ ಹಾಳೆಯಂತೆ ಸುಲಿದು ಬರುತ್ತದೆ. ಕಾಂಪೌಂಡ್ (ಹೊಳಪು ಕೊಡುವ ಉಜ್ಜುಪೇಸ್ಟ್) ಹಚ್ಚಿ ವ್ಯಾಕ್ಸ್ ಬಳಿದು ಮುಗಿಸುವ ಮೂರನೆಯ ದಾರಿಯೂ ಇದೆ, ಆದರೆ ವ್ಯಾಕ್ಸ್ ಕೆಲವು ವಾರಕ್ಕೊಮ್ಮೆ ಮತ್ತೆ ಬೇಕು. ಆ ದಾರಿ ಹಿಡಿದರೆ ಡ್ರಿಲ್ ಮಷಿನ್‌ನ ಫೋಮ್ ಪ್ಯಾಡನ್ನು ನಿಧಾನ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ ಓಡಿಸಿ. ಕೈಯಿಟ್ಟರೆ ಬಿಸಿ ತಟ್ಟಿತೆಂದರೆ ನಿಲ್ಲಿಸಿ: ಬಿಸಿಯಾದ ಪ್ಲಾಸ್ಟಿಕ್ ಮೆತ್ತಗಾಗಿ ಪ್ಯಾಡಿನ ಗುರುತನ್ನು ಉಳಿಸಿಕೊಳ್ಳುತ್ತದೆ.

ನನ್ನ ಆಯ್ಕೆ 2ಕೆ ಕ್ಲಿಯರ್, ಅಂದರೆ ಗಟ್ಟಿಯಾಗಿಸುವ ಹಾರ್ಡನರ್ ಬೇರೆಯಾಗಿದ್ದು ಬಳಸುವಾಗ ಬೆರೆಯುವ ಎರಡು ಭಾಗದ ಲೇಪ, ಡಬ್ಬಿಯ ಮೇಲೆ ಹೆಡ್‌ಲೈಟ್‌ಗೆಂದು, ಯುವಿ ರಕ್ಷಣೆ ಇದೆಯೆಂದು ಬರೆದಿರುವಂಥದ್ದು. ಸಾಧಾರಣ ಕ್ಲಿಯರ್ ಸ್ಪ್ರೇ ಅಷ್ಟು ದಿನ ಬಾಳುವುದಿಲ್ಲ. 2ಕೆಯಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮುಖಗವಸು ಇದಕ್ಕೆ ಸಾಲದು. ಕಾರ್ಟ್ರಿಜ್ (ರಾಸಾಯನಿಕ ಆವಿ ಸೋಸುವ ಫಿಲ್ಟರ್) ಇರುವ ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಿಕೊಂಡು ಗಾಳಿಯಾಡುವ ಕಡೆ ಮಾಡಿ. ಅವು ಇಲ್ಲದಿದ್ದರೆ ಸವರುವ ಲೇಪವೇ ವಾಸಿ.

ನೀರು ತಿಂದ ಟೇಪ್ ಕಿತ್ತು ಹೊಸದು ಹಚ್ಚಿ, ಕಾರಿನ ಮುಂಭಾಗವನ್ನೆಲ್ಲ ಕಾಗದದಿಂದ ಮುಚ್ಚಿ. ಸ್ಪ್ರೇ ತುಂತುರು ನಾವೆಣಿಸಿದ್ದಕ್ಕಿಂತ ದೂರ ಹಾರುತ್ತದೆ. ಸಂದಿಯ ನೀರು ಪೂರ್ತಿ ಆರಲಿ. ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಎಣ್ಣೆಯಂಶ ಉಳಿದ ಕಡೆ ಕ್ಲಿಯರ್ ಸರಿದು ಮೀನಿನ ಕಣ್ಣಿನಂಥ ಗುಳಿ ಮೂಡುತ್ತದೆ. ಡಬ್ಬಿಯ ಬುಡದ ಗುಂಡಿ ಒತ್ತಿ ಹಾರ್ಡನರ್ ಬಿಟ್ಟು ಎರಡು ನಿಮಿಷ ಕುಲುಕಿ. ಒಮ್ಮೆ ಒತ್ತಿದರೆ ಒಳಗಿರುವುದು ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ, ಎರಡೂ ದೀಪ ತಯಾರಾದ ಮೇಲೆಯೇ ಒತ್ತಿ.

ಹದಿನೈದು ಇಪ್ಪತ್ತು ಸೆಂ.ಮೀ. ದೂರದಿಂದ ಮೊದಲ ಕೋಟ್ ಬರೀ ಮಂಜಿನಂತೆ. ಹತ್ತು ನಿಮಿಷ ಬಿಟ್ಟು ಎರಡನೆಯದು ಒದ್ದೆಯಾಗಿ, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಸ್ಪ್ರೇ ಶುರುವಾಗುವುದೂ ನಿಲ್ಲುವುದೂ ದೀಪದ ಹೊರಗೇ ಇರಲಿ. ದೂರ ಹೆಚ್ಚಾದರೆ ಕಿತ್ತಳೆ ಸಿಪ್ಪೆಯಂಥ ಮೈ, ಹತ್ತಿರವಾದರೆ ಕೆಳಗೆ ಇಳಿಯುವ ಕಣ್ಣೀರು. ಇಳಿದದ್ದನ್ನು ಹಸಿಯಲ್ಲಿ ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ 2000, 3000ದಲ್ಲಿ ಸಮಮಾಡಿ ಪಾಲಿಶ್ ಮಾಡಬಹುದು. ಮಳೆ, ತೇವ ಇರುವ ದಿನ ಮಾಡಿದರೆ ಲೇಪದಲ್ಲಿ ಬಿಳಿ ಮಬ್ಬು ಕೂರುತ್ತದೆ. ಸುಡು ಬಿಸಿಲೂ ಬೇಡ.

ಕೊನೆಯ ಕೋಟ್ ಇನ್ನೂ ಸ್ವಲ್ಪ ಅಂಟಂಟಾಗಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ಒಣಗಿದ ಮೇಲೆ ಎಳೆದರೆ ಅಂಚಿನ ಕ್ಲಿಯರ್ ಜೊತೆಗೇ ಕಿತ್ತು ಬರುತ್ತದೆ. ಒಂದು ದಿನ ನೀರು ತಾಗಿಸಬೇಡಿ, ಒಂದು ವಾರ ಶಾಂಪೂ ಬೇಡ.